ಪಾಲೊ ಆಲ್ಟೊ: ಹೋಗುವ ಬಾಗಿಲು, ಬರುವ ಬಾಗಿಲು

ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಹೊರಟ ಕ್ಯಾಲ್‌ಟ್ರೇನ್ ಪಾಲೊ ಆಲ್ಟೊ ನಿಲ್ದಾಣ ತಲುಪುವುದಕ್ಕೆ ಸ್ವಲ್ಪ ಮೊದಲು ಒಂದು ಚಿಕ್ಕ ಹಳ್ಳವನ್ನು ದಾಟುತ್ತದೆ. ಸೇತುವೆಯ ಪಕ್ಕದಲ್ಲೇ ಒಂದು ಮುದಿ ರೆಡ್‌ವುಡ್ ಮರವಿದೆ. ಸಾವಿರ ವರ್ಷ ದಾಟಿದ ಮರ. 1769ರಲ್ಲಿ ಈ ಕಡೆ ಬಂದ ಸ್ಪೇನಿನ ದಂಡಯಾತ್ರೆಯವರು ಅದರ ಬಳಿ ಬಿಡಾರ ಹೂಡಿದ್ದರೆಂದು ಹೇಳುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಪಾಲೊ ಆಲ್ಟೊ' ಎಂದರೆ ಎತ್ತರದ ಕಂಬ. ಊರಿಗೆ ಹೆಸರು ಬಂದದ್ದು ಈ ಮರದಿಂದ. ಪಕ್ಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರೆಯಲ್ಲಿರುವುದೂ ಇದೇ ಮರ.

ಆದರೆ ಇಲ್ಲಿಗೆ ಬರುವ ಪ್ರವಾಸಿಗರು ಮರವನ್ನು ಹುಡುಕುವುದಿಲ್ಲ. ಅವರು ಹುಡುಕಿಕೊಂಡು ಬರುವುದು ಒಂದು ಗ್ಯಾರೇಜನ್ನು. ಸನಿವೇಲ್, ಕ್ಯುಪರ್ಟಿನೊ, ಫ್ರಿಮಾಂಟ್‌ಗಳಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಕರ್ನಾಟಕದಿಂದ ಹೋಗುವ ತಂದೆ ತಾಯಂದಿರಿಗೆ ಗೋಲ್ಡನ್ ಗೇಟ್ ಸೇತುವೆ, ದೇವಸ್ಥಾನ, ಕಡಲತೀರ ಎಲ್ಲ ಮುಗಿದ ಮೇಲೆ ಒಂದು ದಿನ ಈ ಊರಿನ ದರ್ಶನವೂ ಆಗುತ್ತದೆ. 'ಎಲ್ಲಾ ಶುರುವಾದದ್ದು ಇಲ್ಲೇ' ಎಂದು ಮಕ್ಕಳು ತೋರಿಸುತ್ತಾರೆ. ಹಿರಿಯರು ಕೈಕಟ್ಟಿಕೊಂಡು ನೋಡುತ್ತಾರೆ. ಒಂದು ಫೋಟೊ ತೆಗೆದರೆ ಯಾತ್ರೆ ಮುಗಿಯಿತು.

ಸೆಪ್ಟೆಂಬರಿನ ಒಂದು ಶುಕ್ರವಾರ ಹಾಗೆ ಬಂದವರು ಧಾರವಾಡದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು ಮತ್ತು ಸನಿವೇಲ್‌ನಲ್ಲೇ ಹುಟ್ಟಿ ಬೆಳೆದ ಅವರ ಮೊಮ್ಮಗಳು. ಆಕೆ ಸ್ಟಾನ್‌ಫರ್ಡ್‌ನಲ್ಲಿ ಎರಡು ವರ್ಷ ಮುಗಿಸಿದ್ದಾಳೆ. ಮೂರನೆಯ ವರ್ಷದ ತರಗತಿಗಳು ಶುರುವಾಗಲು ಇನ್ನು ಕೆಲವೇ ದಿನ. ಇಬ್ಬರು ಗೆಳೆಯರ ಜೊತೆ ಸೇರಿ ಆಕೆ ಒಂದು ಪುಟ್ಟ ಸಾಧನ ಮಾಡಿದ್ದಾಳೆ. ಕೊಳವೆಬಾವಿಯ ಪಂಪ್‌ಸೆಟ್ ಸುಟ್ಟುಹೋಗುವ ಮುನ್ನ ಅದರ ಸದ್ದನ್ನು ಕೇಳಿಯೇ ಎಚ್ಚರಿಸುವ ಸಾಧನ. ಬೇಸಿಗೆಯಲ್ಲಿ ಅಜ್ಜನ ಊರಿಗೆ ಹೋದಾಗ ಕಂಡ ತೊಂದರೆಯಿಂದ ಹುಟ್ಟಿದ ಆಲೋಚನೆ ಅದು. ಈಗ ಆಕೆಯ ಮುಂದೆ ಎರಡು ದಾರಿಗಳಿವೆ. ಓದು ಬಿಟ್ಟು ಬರುವವರಿಗೆ ಎರಡು ವರ್ಷ ಹಣ ಕೊಡುವ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕುವುದು ಒಂದು. ವಿಶ್ವವಿದ್ಯಾಲಯದೊಳಗೇ ಇದ್ದು ಅಲ್ಲಿನ ಉದ್ಯಮಶೀಲತಾ ಕಾರ್ಯಕ್ರಮಕ್ಕೆ ಸೇರುವುದು ಇನ್ನೊಂದು.

ಮನೆಯಲ್ಲಿ ಮೂರು ವಾರದಿಂದ ಇದೇ ಮಾತು. ಮೊದಲು ಪದವಿ ಮುಗಿಯಲಿ ಎಂದು ತಂದೆಯ ಹಟ. ಪದವಿ ಕಾಯುತ್ತದೆ, ಕಾಲ ಕಾಯುವುದಿಲ್ಲ ಎಂದು ಮಗಳ ಹಟ. ಊಟದ ಮೇಜಿನ ಮೇಲೆ ಮಾತು ನಿಂತು ಮೌನ ಶುರುವಾದಾಗ ತಾಯಿ ಅಜ್ಜ ಮೊಮ್ಮಗಳನ್ನು ಒಟ್ಟಿಗೇ ರೈಲು ಹತ್ತಿಸಿದ್ದರು.

ಹನ್ನೆರಡು ಅಡಿ ಅಗಲದ ಗ್ಯಾರೇಜು

ನಿಲ್ದಾಣದಿಂದ ಅಡಿಸನ್ ಅವೆನ್ಯೂಗೆ ಇಪ್ಪತ್ತು ನಿಮಿಷದ ನಡಿಗೆ. ಎರಡೂ ಬದಿಗೆ ದೊಡ್ಡ ಮರಗಳು, ಹಳೆಯ ಮರದ ಮನೆಗಳು, ಅಂಗಳದಲ್ಲಿ ಗುಲಾಬಿ, ನಿಂಬೆ ಗಿಡ. ಸದ್ದೇ ಇಲ್ಲದ ಬೀದಿ. 367ನೇ ನಂಬರಿನ ಮನೆಯ ಮುಂದೆ ಒಂದು ಫಲಕವಿಲ್ಲದಿದ್ದರೆ ಯಾರೂ ನಿಲ್ಲುತ್ತಿರಲಿಲ್ಲ. 'ಸಿಲಿಕಾನ್ ವ್ಯಾಲಿಯ ಜನ್ಮಸ್ಥಳ' ಎಂದು ಅದರ ಮೇಲೆ ಬರೆದಿದೆ. ಒಳಗೆ ಪ್ರವೇಶವಿಲ್ಲ. ಕಾಲುದಾರಿಯಲ್ಲೇ ನಿಂತು, ಓಣಿಯ ತುದಿಯಲ್ಲಿ ಕಾಣುವ ಹಸಿರು ಬಾಗಿಲಿನ ಗ್ಯಾರೇಜನ್ನು ನೋಡಬೇಕು. ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಹುಬ್ಬಳ್ಳಿಯ ಗೋಕುಲ ರಸ್ತೆಯ ಎಷ್ಟೋ ಲೇತ್ ಅಂಗಡಿಗಳು ಇದಕ್ಕಿಂತ ದೊಡ್ಡವು.

ಬಿಲ್ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು 1938ರಲ್ಲಿ ಈ ಮನೆಯನ್ನು ತಿಂಗಳಿಗೆ 45 ಡಾಲರ್ ಬಾಡಿಗೆಗೆ ಹಿಡಿದರು. ಕೆಳ ಅಂತಸ್ತಿನಲ್ಲಿ ಪ್ಯಾಕರ್ಡ್ ಮತ್ತು ಆತನ ಹೆಂಡತಿ ಲೂಸಿಲ್ ವಾಸ. ಹಿತ್ತಲಿನ ಶೆಡ್ಡಿನಲ್ಲಿ ಹ್ಯೂಲೆಟ್. 1939ರ ಜನವರಿ 1ರಂದು ಪಾಲುದಾರಿಕೆಯ ಕಾಗದವಾಯಿತು. ಬಂಡವಾಳ 538 ಡಾಲರ್. ಯಾರ ಹೆಸರು ಮೊದಲಿರಬೇಕೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಅವರ ಮೊದಲ ಉತ್ಪನ್ನ ಧ್ವನಿ ಉಪಕರಣಗಳನ್ನು ಪರೀಕ್ಷಿಸುವ ಆಸಿಲೇಟರ್. ಅದಕ್ಕೆ '200ಎ' ಎಂದು ಹೆಸರಿಟ್ಟರು. '1' ಎಂದಿಟ್ಟರೆ ಕಂಪನಿ ಹೊಸದೆಂದು ಗಿರಾಕಿಗಳಿಗೆ ತಿಳಿದುಬಿಡುತ್ತಿತ್ತಲ್ಲ! ವಾಲ್ಟ್ ಡಿಸ್ನಿ ಸ್ಟುಡಿಯೊ 'ಫ್ಯಾಂಟೇಸಿಯ' ಚಿತ್ರಕ್ಕಾಗಿ ಅದರ ಮುಂದಿನ ಮಾದರಿಯ ಎಂಟು ಯಂತ್ರಗಳನ್ನು ಕೊಂಡಿತು. ಮೊದಲ ವರ್ಷದ ವ್ಯಾಪಾರ 5,369 ಡಾಲರ್, ಲಾಭ 1,563 ಡಾಲರ್.

ಇಷ್ಟು ಕಥೆ ಎಲ್ಲರಿಗೂ ಗೊತ್ತು. ಇಬ್ಬರು ಹುಡುಗರು, ಒಂದು ಗ್ಯಾರೇಜು, ಕೈಯಲ್ಲಿ ಪುಡಿಗಾಸು, ಆಮೇಲೆ ಜಗತ್ತೇ ಗೆದ್ದರು. ಈ ಕಥೆಯನ್ನು ಕೇಳಿದ ಪ್ರತಿಯೊಬ್ಬ ತರುಣನಿಗೂ ಕಾಲೇಜು ಬಿಟ್ಟು ಗ್ಯಾರೇಜು ಸೇರಬೇಕೆನಿಸುವುದು ಸಹಜ.

ಆದರೆ ಬ್ಯಾಂಕಿನಲ್ಲಿ ಮೂರು ದಶಕ ಸಾಲದ ಅರ್ಜಿಗಳನ್ನು ಓದಿದವರ ಕಣ್ಣು ಬೇರೆ. ಅಜ್ಜ ಫಲಕವನ್ನು ಎರಡು ಸಲ ಓದಿದರು. ಫಲಕದಲ್ಲಿ ಒಬ್ಬ ಪ್ರೊಫೆಸರರ ಹೆಸರೂ ಇದೆ.

''ಈ ಟರ್ಮನ್ ಅನ್ನೋರು ಯಾರವಾ?''

ಕಥೆಯ ಅರ್ಧ ಭಾಗ ಇರುವುದೇ ಅಲ್ಲಿ. ಫ್ರೆಡರಿಕ್ ಟರ್ಮನ್ ಸ್ಟಾನ್‌ಫರ್ಡ್‌ನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಹ್ಯೂಲೆಟ್, ಪ್ಯಾಕರ್ಡ್ ಇಬ್ಬರೂ ಅವರ ಶಿಷ್ಯರು. ಇಬ್ಬರೂ 1934ರಲ್ಲೇ ಪದವಿ ಮುಗಿಸಿದ್ದವರು. ಪ್ಯಾಕರ್ಡ್ ಪೂರ್ವ ತೀರದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನೌಕರಿ ಹಿಡಿದಿದ್ದರು. ಶಿಷ್ಯನನ್ನು ಮರಳಿ ಕರೆಸಲು ಟರ್ಮನ್ ವರ್ಷಕ್ಕೆ 500 ಡಾಲರಿನ ಒಂದು ಸಂಶೋಧನಾ ಫೆಲೋಶಿಪ್ ಹೊಂದಿಸಿಕೊಟ್ಟರು. ಪ್ಯಾಕರ್ಡ್ ನೌಕರಿಗೆ ರಾಜೀನಾಮೆ ಕೊಟ್ಟು ಬರಲಿಲ್ಲ. ರಜೆ ಹಾಕಿ ಬಂದರು. ಆಸಿಲೇಟರಿನ ಮೂಲ ಹ್ಯೂಲೆಟ್ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಲ್ಲೇ ಇತ್ತು. ಇನ್ನು ಮನೆಯ ಖರ್ಚು? ಲೂಸಿಲ್ ಸ್ಟಾನ್‌ಫರ್ಡ್‌ನ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸಕ್ಕಿದ್ದರು. ತಿಂಗಳು ತಿಂಗಳು ಖಾತ್ರಿಯಾಗಿ ಮನೆಗೆ ಬರುತ್ತಿದ್ದದ್ದು ಆ ಸಂಬಳ. ಯಂತ್ರದ ಮುಂಭಾಗದ ಬಣ್ಣ ಒಣಗಿಸಲು ಬಳಕೆಯಾದದ್ದು ಅವರ ಅಡುಗೆಮನೆಯ ಒಲೆಯೇ.

ಮೊಮ್ಮಗಳಿಗೆ ಇದೆಲ್ಲ ಗೊತ್ತಿತ್ತು. ಆದರೆ ಹೀಗೆ ಒಂದರ ಪಕ್ಕ ಒಂದಿಟ್ಟು ನೋಡಿರಲಿಲ್ಲ.

''ಹಂಗಾದ್ರ ಇವರೇನೂ ಬಿಟ್ಟು ಬಂದಿದ್ದಿಲ್ಲ'' ಎಂದರು ಅಜ್ಜ. ''ಪದವಿ ಕೈಯಾಗಿತ್ತು, ಮಾಸ್ತರ್ರು ಬೆನ್ನಿಗಿದ್ರು, ನೌಕರಿ ರಜಾದಾಗಿತ್ತು, ಹೆಂಡತಿ ಪಗಾರ ಬರ್ತಿತ್ತು. ಗ್ಯಾರೇಜ್ ಅಷ್ಟ ಸಣ್ಣದು.''

ಒಂದು ರಸ್ತೆ, ಎರಡು ಹೆಸರು

ಅಡಿಸನ್ ಬೀದಿಯಿಂದ ಹಿಂದಿರುಗಿ ಯೂನಿವರ್ಸಿಟಿ ಅವೆನ್ಯೂಗೆ ಬಂದರೆ ಊರಿನ ಪೇಟೆ. ಕಾಫಿ ಅಂಗಡಿಗಳು, ಹೋಟೆಲುಗಳು, ಹೆಗಲಿಗೆ ಚೀಲ ಹಾಕಿಕೊಂಡ ಹುಡುಗರು. 165ನೇ ನಂಬರಿನ ಎರಡಂತಸ್ತಿನ ಕಟ್ಟಡ ಹೊರಗಿನಿಂದ ತೀರಾ ಸಾಧಾರಣ. ಅದೃಷ್ಟದ ಕಟ್ಟಡವೆಂದು ಅದಕ್ಕೆ ಹೆಸರಿದೆ. ಲಾಜಿಟೆಕ್, ಪೇಪಾಲ್, ಗೂಗಲ್ ಕಂಪನಿಗಳು ತಮ್ಮ ಬಾಲ್ಯದಲ್ಲಿ ಬಾಡಿಗೆಗಿದ್ದ ಜಾಗ ಇದು.

ಗೂಗಲ್ ಸಂಸ್ಥಾಪಕರಾದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. 1998ರಲ್ಲಿ ಕಂಪನಿ ಕಟ್ಟಿದಾಗ ಓದಿಗೆ ರಜೆ ಹಾಕಿ ಹೊರಟರು. ಅವರಿಗಿಂತ ಮುಂಚೆ 1990ರ ದಶಕದ ಮಧ್ಯದಲ್ಲಿ ಯಾಹೂ ಕಟ್ಟಿದ ಜೆರ್ರಿ ಯಾಂಗ್, ಡೇವಿಡ್ ಫೈಲೊ ಮಾಡಿದ್ದೂ ಅದನ್ನೇ. ಹುಡುಕಾಟದ ಫಲಿತಾಂಶಗಳನ್ನು ಜೋಡಿಸುವ ಗೂಗಲ್‌ನ ಮೂಲ ವಿಧಾನಕ್ಕೆ ಪೇಟೆಂಟ್ ಪಡೆದದ್ದು ವಿಶ್ವವಿದ್ಯಾಲಯ. ಬದಲಿಗೆ ಪಡೆದ ಷೇರುಗಳನ್ನು ಸ್ಟಾನ್‌ಫರ್ಡ್ 2005ರಲ್ಲಿ 33.6 ಕೋಟಿ ಡಾಲರಿಗೆ ಮಾರಿತು. ವಿಶ್ವವಿದ್ಯಾಲಯದ ನೆರಳಿನಲ್ಲಿ ಮಾಡಿದ ಆವಿಷ್ಕಾರದಲ್ಲಿ ವಿಶ್ವವಿದ್ಯಾಲಯಕ್ಕೂ ಹಕ್ಕಿರಬಹುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಯಾವುದೇ ಕಾಲೇಜಿನ ಕಾರ್ಯಕ್ರಮಕ್ಕೆ ಸೇರುವ ಮುನ್ನ ಆ ಹಕ್ಕಿನ ನಿಯಮವನ್ನು ಓದಬೇಕಾದದ್ದು ಇದಕ್ಕಾಗಿಯೇ.

ಯೂನಿವರ್ಸಿಟಿ ಅವೆನ್ಯೂ ಪಶ್ಚಿಮಕ್ಕೆ ಸಾಗಿ ರೈಲು ಹಳಿಯ ಕೆಳಗೆ ನುಸುಳುತ್ತದೆ. ಹೆದ್ದಾರಿಯನ್ನೂ ದಾಟಿ ಆಚೆ ಬದಿಗೆ ಬಂದಾಗ ಅದೇ ರಸ್ತೆಗೆ 'ಪಾಮ್ ಡ್ರೈವ್' ಎಂದು ಹೆಸರು. ಎರಡೂ ಬದಿಗೆ ಸಾಲು ತಾಳೆಮರ, ಸುಮಾರು ಒಂದು ಮೈಲಿ ನೇರ ದಾರಿ, ತುದಿಯಲ್ಲಿ ಹಳದಿ ಮರಳುಗಲ್ಲಿನ ಕಮಾನುಗಳು. ಈಚೆ ಪೇಟೆ, ಆಚೆ ವಿದ್ಯಾಪೀಠ. ನಡುವೆ ಗೇಟೂ ಇಲ್ಲ, ಕಾವಲುಗಾರನೂ ಇಲ್ಲ. ರಸ್ತೆ ಒಂದೇ, ಹೆಸರು ಮಾತ್ರ ಬದಲಾಗುತ್ತದೆ. ಈ ಊರಿನ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ಯಾವ ಫಲಕವೂ ಹೇಳಲಾರದು.

ಹದಿನೈದನೆಯ ವಯಸ್ಸಿಗೆ ಟೈಫಾಯ್ಡ್‌ನಿಂದ ತೀರಿಕೊಂಡ ಒಬ್ಬನೇ ಮಗನ ನೆನಪಿಗೆ ಲೀಲ್ಯಾಂಡ್ ಮತ್ತು ಜೇನ್ ಸ್ಟಾನ್‌ಫರ್ಡ್ ದಂಪತಿ 1885ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಇದು. 1891ರಲ್ಲಿ ತರಗತಿಗಳು ಶುರುವಾದವು. ಎಂಟು ಸಾವಿರ ಎಕರೆಗೂ ಹೆಚ್ಚಿನ ಭೂಮಿಯನ್ನು ಮಾರಬಾರದೆಂದು ದಾನಿಗಳ ಕಟ್ಟಳೆ. ಮಾರುವಂತಿಲ್ಲವಾದರೆ ಗುತ್ತಿಗೆಗೆ ಕೊಡಬಹುದಲ್ಲ! 1951ರಲ್ಲಿ ಕೈಗಾರಿಕೆಗಳಿಗೆ ಜಾಗ ಗುತ್ತಿಗೆ ಕೊಡುವ ವ್ಯವಸ್ಥೆಯಾಯಿತು. 1954ರಿಂದ ಆ ಕಂಪನಿಗಳ ಎಂಜಿನಿಯರುಗಳು ಕೆಲಸ ಮಾಡುತ್ತಲೇ ವಿಶ್ವವಿದ್ಯಾಲಯದ ತರಗತಿಗೆ ಬಂದು ಉನ್ನತ ಪದವಿ ಪಡೆಯತೊಡಗಿದರು. ಟರ್ಮನ್ ಅವರ ಕಾಲದ ಈ ಏರ್ಪಾಡುಗಳೇ ಪೇಟೆಗೂ ಪಾಠಶಾಲೆಗೂ ನಡುವಿನ ಬಾಗಿಲನ್ನು ತೆರೆದಿಟ್ಟವು.

ನೆಲಮಾಳಿಗೆಯ ನಕಲು

ಎಂಜಿನಿಯರಿಂಗ್ ವಿಭಾಗದ ಹ್ವಾಂಗ್ ಕಟ್ಟಡದ ನೆಲಮಾಳಿಗೆಗೆ ಇಳಿದರೆ ಒಂದು ಅಚ್ಚರಿ ಕಾದಿದೆ. ಬೆಳಿಗ್ಗೆ ದೂರದಿಂದ ನೋಡಿದ ಗ್ಯಾರೇಜೇ ಇಲ್ಲಿದೆ. ಅದೇ ಅಳತೆಯ ನಕಲು. ಸಮೀಪದಲ್ಲೇ ಗೂಗಲ್‌ನ ಆರಂಭದ ದಿನಗಳ ಯಂತ್ರ, ಮಕ್ಕಳ ಆಟದ ಲೆಗೊ ಇಟ್ಟಿಗೆಗಳಿಂದ ಕಟ್ಟಿದ ಪೆಟ್ಟಿಗೆಯಲ್ಲಿ. ಕಟ್ಟಡಕ್ಕೆ ಹಣ ಕೊಟ್ಟ ಜೆನ್ಸೆನ್ ಹ್ವಾಂಗ್ 1993ರಲ್ಲಿ ಎನ್ವಿಡಿಯ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಅವರು ಇಲ್ಲಿನ ಸ್ನಾತಕೋತ್ತರ ಪದವಿಯನ್ನು 1992ರಲ್ಲಿ ಮುಗಿಸಿದರು. ನೌಕರಿ ಮಾಡಿಕೊಂಡೇ ಓದಿದ್ದರಿಂದ ಅದಕ್ಕೆ ಎಂಟು ವರ್ಷ ಹಿಡಿಯಿತು.

ಅಜ್ಜ ನಕಲಿ ಗ್ಯಾರೇಜಿನ ಮುಂದೆ ನಿಂತು ನಕ್ಕರು. ಅಸಲಿಯೊಳಗೆ ಬಿಡಲಿಲ್ಲ, ನಕಲಿಯನ್ನು ಹತ್ತಿರದಿಂದ ತೋರಿಸಿದರು ಎಂದು ಅವರಿಗೆ ತಮಾಷೆ.

ವಿಶ್ವವಿದ್ಯಾಲಯಗಳ ಉದ್ಯಮಶೀಲತಾ ಕಾರ್ಯಕ್ರಮಗಳ ಮೇಲಿರುವ ದೂರೂ ಇದೇ. ಅಲ್ಲಿ ಸಿಗುವುದು ನಕಲಿ ಗ್ಯಾರೇಜು, ಪುಸ್ತಕದ ವ್ಯಾಪಾರ, ಅಂಕಕ್ಕಾಗಿ ಬರೆದ ಯೋಜನಾ ವರದಿ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ನೂರು ಪುಟದ ವರದಿ ಬರೆಸಿ, ಒಬ್ಬ ಗಿರಾಕಿಯನ್ನೂ ಭೇಟಿ ಮಾಡಿಸದೆ ಪ್ರಮಾಣಪತ್ರ ಕೊಡುವ ಕೋರ್ಸಿನಿಂದ ಉದ್ಯಮಿ ಹುಟ್ಟುವುದಿಲ್ಲ.

ಆದರೆ ಒಳ್ಳೆಯ ಕಾರ್ಯಕ್ರಮಗಳ ಬಗೆ ಬೇರೆ. ಸ್ಟಾನ್‌ಫರ್ಡ್‌ನಲ್ಲೇ ಮೇಫೀಲ್ಡ್ ಫೆಲೋಗಳ ಕಾರ್ಯಕ್ರಮವೊಂದಿದೆ. ವರ್ಷಕ್ಕೆ ಹನ್ನೆರಡು ವಿದ್ಯಾರ್ಥಿಗಳು, ಒಂಬತ್ತು ತಿಂಗಳು. ವಸಂತದಲ್ಲಿ ತರಗತಿ, ಬೇಸಿಗೆಯಲ್ಲಿ ಒಂದು ಎಳೆಯ ಕಂಪನಿಯಲ್ಲಿ ದುಡಿಮೆ, ಶರತ್ಕಾಲದಲ್ಲಿ ಮತ್ತೆ ತರಗತಿಗೆ ಬಂದು ಕಂಡದ್ದರ ಚರ್ಚೆ. ಇನ್‌ಸ್ಟಾಗ್ರಾಮ್ ಕಟ್ಟಿದ ಕೆವಿನ್ ಸಿಸ್ಟ್ರಮ್, ಮೈಕ್ ಕ್ರೀಗರ್ ಇಬ್ಬರೂ ಈ ಕಾರ್ಯಕ್ರಮದಿಂದ ಬಂದವರು. ಇಬ್ಬರೂ ಪದವಿ ಮುಗಿಸಿದವರು. ಅವರ ಕಂಪನಿ 2010ರಲ್ಲಿ ಹುಟ್ಟಿತು. 2012ರಲ್ಲಿ ಫೇಸ್‌ಬುಕ್ ಅದನ್ನು ನೂರು ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಇಲ್ಲೇ 2011ರಲ್ಲಿ ಸ್ಟೀವ್ ಬ್ಲ್ಯಾಂಕ್ ಶುರುಮಾಡಿದ ಒಂದು ಕೋರ್ಸಿನಲ್ಲಿ ವಿದ್ಯಾರ್ಥಿಗಳು ವರದಿ ಬರೆಯುವ ಬದಲು ವಾರವಾರವೂ ಹೊರಗೆ ಹೋಗಿ ಗಿರಾಕಿಗಳ ಜೊತೆ ಮಾತಾಡಿ ಬರಬೇಕು. ತರಗತಿಯಲ್ಲಿ ಎಲ್ಲರೆದುರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ತನ್ನ ಸಂಶೋಧಕರ ತರಬೇತಿಗೆ ಈ ಪದ್ಧತಿಯನ್ನು ಅಳವಡಿಸಿಕೊಂಡಿತು.

ಬಿಟ್ಟು ಬನ್ನಿ ಎನ್ನುವ ಹಣ

ಎದುರು ದಾರಿಯ ಪ್ರತಿನಿಧಿ ಥೀಲ್ ಫೆಲೋಶಿಪ್. ಪೇಪಾಲ್ ಸಂಸ್ಥಾಪಕರಲ್ಲಿ ಒಬ್ಬರಾದ ಪೀಟರ್ ಥೀಲ್ 2010ರಲ್ಲಿ ಇದನ್ನು ಪ್ರಕಟಿಸಿದರು. 2011ರಲ್ಲಿ ಮೊದಲ ತಂಡ ಬಂತು. ಮೊದಲು ಇಪ್ಪತ್ತು ವರ್ಷದೊಳಗಿನವರಿಗೆ ಮಾತ್ರವಿತ್ತು, ಆಮೇಲೆ ಮಿತಿಯನ್ನು ಇಪ್ಪತ್ತೆರಡಕ್ಕೆ ಏರಿಸಿದರು. ಷರತ್ತು ಒಂದೇ: ಓದು ಬಿಡಬೇಕು. ಎರಡು ವರ್ಷಕ್ಕೆ ಒಂದು ಲಕ್ಷ ಡಾಲರ್ ಇದ್ದ ಸಹಾಯಧನ 2025ರಲ್ಲಿ ಎರಡು ಲಕ್ಷವಾಯಿತು. ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ವರ್ಷಕ್ಕೆ ಆಯ್ಕೆಯಾಗುವವರು ಇಪ್ಪತ್ತು ಮೂವತ್ತು ಮಂದಿ. ಸ್ವಾರಸ್ಯವೆಂದರೆ ಥೀಲ್ ಸ್ವತಃ ಸ್ಟಾನ್‌ಫರ್ಡ್‌ನಿಂದ ಒಂದಲ್ಲ, ಎರಡು ಪದವಿ ಪಡೆದವರು.

ಫಲಿತಾಂಶವನ್ನು ಕಡೆಗಣಿಸುವಂತಿಲ್ಲ. ಫಿಗ್ಮಾ ಕಂಪನಿಯ ಡಿಲನ್ ಫೀಲ್ಡ್ 2012ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಬಿಟ್ಟು ಬಂದ ಫೆಲೋ. ಓಯೋ ಹೋಟೆಲುಗಳ ರಿತೇಶ್ ಅಗರ್ವಾಲ್ 2013ರ ಫೆಲೋ. ಇಥೀರಿಯಮ್ ರೂಪಿಸಿದ ವಿಟಾಲಿಕ್ ಬುಟೆರಿನ್ 2014ರ ಫೆಲೋ. ಹಾಗೆಯೇ ಎರಡು ವರ್ಷ ಕಳೆದ ಮೇಲೆ ಸದ್ದಿಲ್ಲದೆ ಕಾಲೇಜಿಗೆ ಮರಳಿದವರೂ ಇದ್ದಾರೆ. ಅವರ ಹೆಸರು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಪಾಲು ಕೇಳದ ಹಣ ಅಪರೂಪ ಎಂಬುದನ್ನೂ ನೆನಪಿಡಬೇಕು. ಹೆಸರಾಂತ ವೈ ಕಾಂಬಿನೇಟರ್ ಸಂಸ್ಥೆ 2022ರಿಂದ ಒಂದೊಂದು ಕಂಪನಿಗೆ ಐದು ಲಕ್ಷ ಡಾಲರ್ ಹಾಕುತ್ತಿದೆ. ಅದರಲ್ಲಿ ಒಂದೂಕಾಲು ಲಕ್ಷ ಡಾಲರಿಗೆ ಕಂಪನಿಯ ಶೇ 7ರಷ್ಟು ಪಾಲು ಹೋಗುತ್ತದೆ. ಉಳಿದ ಹಣವೂ ಮುಂದೆ ಷೇರಾಗಿಯೇ ಬದಲಾಗುತ್ತದೆ. ಫೆಲೋಶಿಪ್ ಎಂದರೆ ಸಹಾಯಧನ, ಇದು ಹೂಡಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇತ್ತ ಸ್ಟಾನ್‌ಫರ್ಡ್‌ನ ಬೋಧನಾ ಶುಲ್ಕವೇ ವರ್ಷಕ್ಕೆ ಅರವತ್ತು ಸಾವಿರ ಡಾಲರಿಗೂ ಹೆಚ್ಚು. ಒಂದು ದಾರಿಯಲ್ಲಿ ಕೈಗೆ ಹಣ ಬರುತ್ತದೆ, ಇನ್ನೊಂದು ದಾರಿಯಲ್ಲಿ ಕೈಯಿಂದ ಹೋಗುತ್ತದೆ. ಮೊಮ್ಮಗಳ ವಾದದ ಬಲವೆಲ್ಲ ಈ ಲೆಕ್ಕದಲ್ಲೇ ಇತ್ತು. ಕಲ್ಲಿನ ಕಮಾನಿನ ಕೆಳಗಿನ ಬೆಂಚಿನ ಮೇಲೆ ಕೂತು ಆಕೆ ಅದನ್ನು ಅಜ್ಜನಿಗೆ ಕಾಗದದ ಮೇಲೆ ಬರೆದು ತೋರಿಸಿದಳು.

ಅಜ್ಜ ಕನ್ನಡಕ ಸರಿಮಾಡಿಕೊಂಡು ಓದಿದರು. ತಪ್ಪು ಹುಡುಕಲಿಲ್ಲ. ''ಲೆಕ್ಕ ಬರೋಬ್ಬರಿ ಅದ. ಆದ್ರ ಇದರಾಗ ಒಂದು ಕಾಲಮ್ ಇಲ್ಲ'' ಎಂದಷ್ಟೇ ಹೇಳಿದರು.

ಪೇಜ್ ಮಿಲ್ ರಸ್ತೆಯ ನೆರೆಹೊರೆ

ಸ್ಟಾನ್‌ಫರ್ಡ್‌ನ ಉಚಿತ ಬಸ್ಸುಗಳಿಗೆ 'ಮಾರ್ಗರೀಟ್' ಎಂದು ಹೆಸರು. ಯಾರು ಬೇಕಾದರೂ ಹತ್ತಬಹುದು. ಅಂಥ ಬಸ್ಸು ಹಿಡಿದು ಅವರಿಬ್ಬರೂ ಪೇಜ್ ಮಿಲ್ ರಸ್ತೆಯ ಕಡೆ ಹೋದರು. ಗುತ್ತಿಗೆ ಭೂಮಿಯಲ್ಲಿ ಎದ್ದ ಸಂಶೋಧನಾ ಪಾರ್ಕ್ ಇರುವುದು ಇಲ್ಲಿ. ಬೇಸಿಗೆಯ ಕೊನೆಯಾದ್ದರಿಂದ ಬೆಟ್ಟಗಳೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದ್ದವು.

ಈ ರಸ್ತೆಯ 1501ನೇ ನಂಬರಿನಲ್ಲಿ ಗ್ಯಾರೇಜಿನಿಂದ ಬೆಳೆದ ಎಚ್‌ಪಿ ಕಂಪನಿ ದಶಕಗಳಿಂದ ನೆಲೆಸಿದೆ. ಅದೇ ಸಾಲಿನ 1701ನೇ ನಂಬರಿನಲ್ಲಿ ಒಂದು ಕಾಲಕ್ಕೆ ಥೆರಾನೋಸ್ ಕಂಪನಿ ಇತ್ತು. ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಮಾಡುವುದಾಗಿ ಹೇಳಿದ ಎಲಿಜಬೆತ್ ಹೋಮ್ಸ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ಟಾನ್‌ಫರ್ಡ್ ಬಿಟ್ಟು ಕಟ್ಟಿದ ಕಂಪನಿ ಅದು. ಹೂಡಿಕೆದಾರರಿಗೆ ವಂಚಿಸಿದ ಆರೋಪ 2022ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಹನ್ನೊಂದು ವರ್ಷ ಮೀರಿದ ಶಿಕ್ಷೆಯಾಗಿ 2023ರಲ್ಲಿ ಆಕೆ ಸೆರೆಮನೆ ಸೇರಿದರು.

ಕಾಲೇಜು ಬಿಟ್ಟದ್ದೇ ಆ ದುರಂತಕ್ಕೆ ಕಾರಣ ಎನ್ನಲಾಗದು. ಕಾಲೇಜು ಬಿಟ್ಟು ಪ್ರಾಮಾಣಿಕವಾಗಿ ಗೆದ್ದವರು ಬೇಕಾದಷ್ಟು ಜನರಿದ್ದಾರೆ. ಆದರೆ ಪಕ್ಕಪಕ್ಕದ ಈ ಎರಡು ವಿಳಾಸಗಳು ಒಂದು ಪ್ರಶ್ನೆಯನ್ನಂತೂ ಕೇಳುತ್ತವೆ. ತರುಣ ಉದ್ಯಮಿಗೆ 'ನೀನು ಹೇಳುವುದು ಆಗದ ಮಾತು' ಎಂದು ಮುಖದ ಮೇಲೆ ಹೇಳುವವರು ಯಾರಿದ್ದಾರೆ? ಪ್ರಯೋಗಾಲಯದಲ್ಲಿ ಪ್ರೊಫೆಸರ್ ಹೇಳುತ್ತಾರೆ, ತರಗತಿಯಲ್ಲಿ ಸಹಪಾಠಿಗಳು ಹೇಳುತ್ತಾರೆ. ಹೊರಗೆ ಹೋದ ಮೇಲೆ ಅಂಥವರನ್ನು ತಾನೇ ಹುಡುಕಿಕೊಳ್ಳಬೇಕು. ಒಳ್ಳೆಯ ಫೆಲೋಶಿಪ್ ಅಂಥ ಹಿರಿಯರ ಸಂಗವನ್ನು ಒದಗಿಸುತ್ತದೆ. ಬರೀ ಹಣ ಕೊಟ್ಟು ಬೆನ್ನು ತಟ್ಟುವ ಫೆಲೋಶಿಪ್ ಅದನ್ನು ಒದಗಿಸುವುದಿಲ್ಲ.

ವೀಸಾ ಎಂಬ ಚಿಲಕ

ಈ ಮೊಮ್ಮಗಳು ಅಮೆರಿಕದ ಪ್ರಜೆ. ಓದು ಬಿಟ್ಟರೂ ಆಕೆಯನ್ನು ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಆಕೆಯ ಗೆಳೆಯರಲ್ಲಿ ಒಬ್ಬ ಕರ್ನಾಟಕದಿಂದ ಓದಲು ಬಂದವನು. ಅವನ ವಿಷಯ ಬೇರೆ. ಎಫ್-1 ವೀಸಾದ ಮೇಲಿರುವ ವಿದ್ಯಾರ್ಥಿ ಪೂರ್ಣಾವಧಿಗೆ ಓದುತ್ತಲೇ ಇರಬೇಕು. ಅನುಮತಿ ಪಡೆದು ಓದು ನಿಲ್ಲಿಸಿದರೂ ಹದಿನೈದು ದಿನದೊಳಗೆ ದೇಶ ಬಿಡಬೇಕೆಂಬುದು ನಿಯಮ. ಅನುಮತಿ ಇಲ್ಲದೆ ಬಿಟ್ಟರೆ ಆ ಅವಧಿಯೂ ಇಲ್ಲ. ಫೆಲೋಶಿಪ್‌ನ ಹಣದ ಜೊತೆ ವೀಸಾ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ವಕೀಲರು.

ಹೀಗಾಗಿ ಸಾಲ ಮಾಡಿ ಮಗನನ್ನೋ ಮಗಳನ್ನೋ ಕಳಿಸಿದ ಕುಟುಂಬಗಳಿಗೆ ವಿಶ್ವವಿದ್ಯಾಲಯದ ಒಳಗಿನ ಕಾರ್ಯಕ್ರಮವೇ ಬಹುಮಟ್ಟಿಗೆ ಸುರಕ್ಷಿತ ದಾರಿ. ಅಲ್ಲೂ ಸ್ವಂತ ಕಂಪನಿಗೆ ಕೈಹಾಕುವ ಮುನ್ನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಲೇಬೇಕು. ಗೆಳೆಯರು ಹೇಳಿದ್ದನ್ನು ನಂಬಿ ಹೆಜ್ಜೆ ಇಡುವ ವಿಷಯ ಇದಲ್ಲ.

ಗೋಕುಲ ರಸ್ತೆಯ ನೆನಪು

ಸಂಜೆ ನಿಲ್ದಾಣಕ್ಕೆ ಹಿಂದಿರುಗುವಾಗ ಅಜ್ಜನಿಗೆ ಹುಬ್ಬಳ್ಳಿ ನೆನಪಾಯಿತು. ಅವರು ಲೇತ್ ಅಂಗಡಿಗಳಿಗೆ ಸಾಲ ಕೊಡುತ್ತಿದ್ದ ಗೋಕುಲ ರಸ್ತೆಯಲ್ಲೇ, ವಿಮಾನ ನಿಲ್ದಾಣದ ಹತ್ತಿರ, ಈಗ ದೇಶಪಾಂಡೆ ಪ್ರತಿಷ್ಠಾನದ ಸ್ಟಾರ್ಟ್‌ಅಪ್ ಕೇಂದ್ರವಿದೆ. ಅತ್ತ ವಿದ್ಯಾನಗರದಲ್ಲಿ, 1947ರಲ್ಲಿ ಶುರುವಾದ ಬಿವಿಬಿ ಕಾಲೇಜಿನ ಆವರಣದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ತನ್ನದೇ ಉದ್ಯಮಶೀಲತಾ ಕೇಂದ್ರ ನಡೆಸುತ್ತದೆ. ಒಂದೇ ಊರಿನಲ್ಲಿ ಎರಡೂ ಬಾಗಿಲು. ಪ್ರತಿಷ್ಠಾನ ಕಟ್ಟಿದ ಗುರುರಾಜ ದೇಶಪಾಂಡೆಯವರು ಮದ್ರಾಸಿನ ಐಐಟಿಯಲ್ಲಿ ಓದಿ, ಕೆನಡಾದಲ್ಲಿ ಪಿಎಚ್.ಡಿ. ಮುಗಿಸಿದ ನಂತರ ಅಮೆರಿಕದಲ್ಲಿ ಕಂಪನಿಗಳನ್ನು ಕಟ್ಟಿದವರು. ಬೆಂಗಳೂರಿನ ಐಐಎಂ ಆವರಣದಲ್ಲಿ ಇನ್ಫೊಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಎನ್.ಎಸ್. ರಾಘವನ್ ಅವರ ನೆರವಿನಿಂದ 2000ದಲ್ಲಿ ಶುರುವಾದ ಕೇಂದ್ರವಂತೂ ಹೊರಗಿನ ಉದ್ಯಮಿಗಳಿಗೂ ತೆರೆದಿದೆ.

ನಮ್ಮಲ್ಲಿನ ಫೆಲೋಶಿಪ್‌ಗಳ ಜಾಡು ಥೀಲ್ ಅವರದಕ್ಕಿಂತ ಬೇರೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ನಿಧಿ' ಯೋಜನೆಯ ಉದ್ಯಮಿ ಫೆಲೋಶಿಪ್ ಪದವಿ ಮುಗಿಸಿದವರಿಗೆ. ನೌಕರಿಯ ಆಸೆ ಬದಿಗಿಟ್ಟು ಸ್ವಂತ ಉದ್ಯಮಕ್ಕೆ ಇಳಿಯುವವರಿಗೆ ತಿಂಗಳಿಗೆ ಗರಿಷ್ಠ 30,000 ರೂಪಾಯಿಯವರೆಗೆ ನೆರವು ಕೊಡುತ್ತದೆ. ಓದುತ್ತಿರುವಾಗಲೇ ಉದ್ಯಮ ಶುರುಮಾಡುವವರಿಗೆ ಒಂದು ಸೆಮಿಸ್ಟರ್ ಅಥವಾ ವರ್ಷ ಬಿಡುವು ಕೊಡಬಹುದೆಂದು 2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿ ಕಾಲೇಜುಗಳಿಗೆ ಹೇಳಿದೆ. 2021ರಲ್ಲಿ ಬಂದ ಅಕಡೆಮಿಕ್ ಕ್ರೆಡಿಟ್ ಬ್ಯಾಂಕಿನ ಪ್ರಕಾರ ಗಳಿಸಿದ ಕ್ರೆಡಿಟ್‌ಗಳು ಗರಿಷ್ಠ ಏಳು ವರ್ಷ ಊರ್ಜಿತವಾಗಿರುತ್ತವೆ. ಕಾಗದದ ಮೇಲೆ ಬಾಗಿಲು ತೆರೆದಿದೆ. ತಮ್ಮ ಕಾಲೇಜು ಅದನ್ನು ಒಪ್ಪಿದೆಯೇ ಎಂಬುದನ್ನು ವಿದ್ಯಾರ್ಥಿ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಬಿಟ್ಟುಹೋದ ಕಾಲಮ್

ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ಮೊಮ್ಮಗಳೇ ಕೇಳಿದಳು, ''ಅಜ್ಜಾ, ಯಾವ ಕಾಲಮ್ ಇಲ್ಲ ಅಂದ್ರಿ?''

''ನಾ ಸಾಲ ಕೊಡುವಾಗ ಮೂರು ಪ್ರಶ್ನಿ ಕೇಳ್ತಿದ್ದೆ'' ಎಂದರು ಅಜ್ಜ. ''ಈ ರೊಕ್ಕದ ಬೆಲಿ ಏನು? ತಪ್ಪಿದ್ರ ತಪ್ಪು ಅಂತ ಹೇಳವ್ರು ಯಾರಿದ್ದಾರ? ಧಂದಾ ನಿಂತ್ರ ತಿರುಗಿ ಎಲ್ಲಿಗೆ ಹೋಗ್ತಿ? ಮೊದಲಿನ ಎರಡಕ್ಕ ನಿನ್ನ ಹತ್ರ ಉತ್ತರ ಅವ. ಮೂರನೇದು ಬರದs ಇಲ್ಲ.''

ಆಕೆ ಸುಮ್ಮನೆ ಕೂತಳು. ಪದವಿ ಮುಗಿಸಬೇಕೆಂದು ತಂದೆ ಹೇಳಿದಾಗ ವಾದಕ್ಕೆ ನಿಂತವಳು ಇಲ್ಲಿ ವಾದಿಸಲಿಲ್ಲ. ಅಜ್ಜ ಹೋಗಬೇಡ ಎಂದಿರಲಿಲ್ಲವಲ್ಲ.

ಸ್ಟಾನ್‌ಫರ್ಡ್‌ನಲ್ಲಿ ಪದವಿ ವಿದ್ಯಾರ್ಥಿ ಒಟ್ಟು ಎರಡು ವರ್ಷದವರೆಗೆ ಓದಿಗೆ ರಜೆ ಪಡೆಯಬಹುದು. ಅದಕ್ಕೆ ಮುಂಚಿತವಾಗಿ ಅರ್ಜಿ ಕೊಡಬೇಕು. ಫೆಲೋಶಿಪ್‌ನ ಅವಧಿಯೂ ಎರಡು ವರ್ಷ. ಸರಿಯಾಗಿ ಜೋಡಿಸಿದರೆ ಒಂದು ದಾರಿಯ ತುದಿ ಇನ್ನೊಂದು ದಾರಿಯ ಬಾಗಿಲಿಗೇ ಬಂದು ಮುಟ್ಟುತ್ತದೆ. ಬರೀ ಎದ್ದು ಹೋದವರಿಗೂ ಕೇಳಿ ಹೋದವರಿಗೂ ಇರುವ ವ್ಯತ್ಯಾಸ ಒಂದು ಅರ್ಜಿಯದು. ಪ್ಯಾಕರ್ಡ್ ತಮ್ಮ ನೌಕರಿಯಲ್ಲಿ ಮಾಡಿದ್ದು, ಪೇಜ್ ಮತ್ತು ಬ್ರಿನ್ ತಮ್ಮ ಓದಿನಲ್ಲಿ ಮಾಡಿದ್ದು ಅಷ್ಟೇ.

ಮೊಮ್ಮಗಳು ಫೋನು ತೆಗೆದಳು. ಫೆಲೋಶಿಪ್‌ನ ಅರ್ಧ ತುಂಬಿದ ಅರ್ಜಿಯನ್ನು ಮುಚ್ಚಿ, ಬೇರೊಂದು ಕಾಗದ ಬರೆಯತೊಡಗಿದಳು. ವಿಳಾಸ ರಿಜಿಸ್ಟ್ರಾರ್ ಕಚೇರಿಯದು, ಎಂಟು ದಶಕಗಳ ಹಿಂದೆ ಲೂಸಿಲ್ ಪ್ಯಾಕರ್ಡ್ ಸಂಬಳ ಪಡೆಯುತ್ತಿದ್ದ ಕಚೇರಿ. ಈ ವರ್ಷ ರಜೆ ಬೇಕಾದರೆ ಕೊನೆಯ ದಿನಾಂಕ ಯಾವುದು, ಮರಳಿ ಬರಲು ಏನು ಮಾಡಬೇಕು ಎಂಬ ಎರಡೇ ಪ್ರಶ್ನೆ.

''ಅಪ್ಪಗ ಏನ್ ಹೇಳ್ಲಿ?'' ಎಂದಳು.

''ಉತ್ತರ ಬರ್ಲಿ. ಬಂದ ಮ್ಯಾಲೆ ಮೂವರೂ ಕೂತು ಓದೂಣು.''

ದಕ್ಷಿಣಕ್ಕೆ ಹೋಗುವ ರೈಲು ಬಂತು. ಅದು ಹಿಂದೆ ಬಿಟ್ಟು ಬಂದ ಸೇತುವೆಯ ಬಳಿ, ಹಳ್ಳದ ದಂಡೆಯ ಮುದಿಮರದ ತುದಿಯಲ್ಲಿ ಇನ್ನೂ ಸ್ವಲ್ಪ ಬಿಸಿಲಿತ್ತು.